ಖಾಲಿ ತೋಟೆಯ ಬೆಲೆ

ಒಂದು ಈಡು ಹೊಡೆದ ಮೇಲೆ ಉಳಿಯುವುದೇನು? ಮದ್ದು ಹೊಗೆಯಾಗಿ ಹೋಗುತ್ತದೆ. ಗುಂಡೋ ಚರೆಯೋ ಕಾಡಿನ ಪಾಲು. ಕೇಪು ಒಂದೇ ಪೆಟ್ಟಿಗೆ ಜಜ್ಜಿಹೋಗಿ ಕೆಲಸಕ್ಕೆ ಬಾರದಾಗುತ್ತದೆ. ಕೈಯಲ್ಲಿ ಉಳಿಯುವುದು ಇವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹಿತ್ತಾಳೆ ತೋಟೆಯೊಂದೇ. ದೊಡ್ಡ ನಳಿಗೆಯ ರೈಫಲ್ಲುಗಳಲ್ಲಂತೂ ಈ ನಾಲ್ಕರಲ್ಲಿ ಹೆಚ್ಚು ದುಬಾರಿ ಇದೇ. ಹಾಗಾಗಿ ಕೋವಿಯ ಹುಚ್ಚಿರುವವರು ಜಗತ್ತಿನ ಎಲ್ಲೇ ಇರಲಿ, ಹೊಡೆದ ಮೇಲೆ ಮೊದಲು ನೋಡುವುದು ಗುರಿಯನ್ನಲ್ಲ, ನೆಲವನ್ನು. ಖಾಲಿ ತೋಟೆ ಎಲ್ಲಿ ಬಿತ್ತು ಎಂದು ಹುಲ್ಲಿನಲ್ಲಿ ಬಗ್ಗಿ ಹುಡುಕುತ್ತಾರೆ.

ನಮ್ಮ ದೊಡ್ಡಪ್ಪನಿಗೂ ಈ ಬಗ್ಗಿ ಹುಡುಕುವ ಚಟವಿತ್ತು. ಕುಮಟಾ ತಾಲೂಕಿನ ಘಟ್ಟದ ಬುಡದಲ್ಲಿ, ಮಳೆಗಾಲದಲ್ಲಿ ಅಘನಾಶಿನಿಯ ಸದ್ದು ಮಾಳಿಗೆಗೆ ಕೇಳುವಷ್ಟು ದೂರದಲ್ಲಿ ಅವನ ಅಡಿಕೆ ತೋಟ. ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಒಂಟಿ ನಳಿಗೆಯ 12 ಬೋರ್ ಕೋವಿ. ಹನ್ನೆರಡು ಎಂಬುದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ತೂಗುತ್ತದೆ ಎಂಬ ಹಳೇ ಲೆಕ್ಕ. ದೊಡ್ಡಪ್ಪ ಹೊಡೆದ ಈಡುಗಳಲ್ಲಿ ಹೆಚ್ಚಿನವು ಆಕಾಶಕ್ಕೇ ಹೋದವು. ಮಂಗಗಳಿಗೆ ಬೇಕಾದದ್ದು ಸದ್ದು, ಅಷ್ಟೆ. ಅವೂ ನಾಲ್ಕು ದಿನ ದೂರ ಹೋಗಿ, ಐದನೆಯ ದಿನ ಅದೇ ಮರಕ್ಕೆ ಬಂದು ಕೂರುತ್ತಿದ್ದವು. ಚುನಾವಣೆ ಬಂತೆಂದರೆ ಕೋವಿಗೆ ಠಾಣೆವಾಸ. ನೀತಿಸಂಹಿತೆ ಕೋವಿಗೆ ಮಾತ್ರ, ಮಂಗಗಳಿಗಲ್ಲ ಎಂದು ದೊಡ್ಡಪ್ಪ ಗೊಣಗುತ್ತ, ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಒಪ್ಪಿಸಿ ಬರುತ್ತಿದ್ದ.

ಅವನ ಕಪಾಟಿನಲ್ಲಿ ಎರಡು ಜಾತಿಯ ತೋಟೆಗಳಿದ್ದವು. ಪೇಟೆಯಿಂದ ತಂದ, ಮೈ ಕಾಗದದ, ಬುಡ ಮಾತ್ರ ಹಿತ್ತಾಳೆಯವು ಒಂದು. ಅಜ್ಜನ ಕಾಲದ, ಆಪಾದಮಸ್ತಕ ಹಿತ್ತಾಳೆಯವು ಇನ್ನೊಂದು. ನಮ್ಮ ಕರಾವಳಿಯ ಮಳೆ ಎಂಥದೆಂದು ಗೊತ್ತಿದ್ದವರಿಗೆ ಎರಡರ ಅಂತರ ಹೇಳಬೇಕಿಲ್ಲ. ಜೂನ್ ಬಂದರೆ ಗೋಡೆ ಬೆವರುತ್ತದೆ, ಪುಸ್ತಕಕ್ಕೆ ಬೂಸು ಹಿಡಿಯುತ್ತದೆ, ಬೆಂಕಿಪೊಟ್ಟಣವನ್ನು ಒಲೆಯ ಬದಿಗೇ ಇಡಬೇಕು. ಕಾಗದದ ತೋಟೆ ಆ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಇಳಿಯಲು ಒಲ್ಲೆನ್ನುತ್ತದೆ. ಅದಕ್ಕೇ ದೊಡ್ಡಪ್ಪ ಅವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದ. ದೊಡ್ಡಮ್ಮ ಅಕ್ಕಿ ಅಳೆಯುವಾಗ ಕೆಂಪು ತೋಟೆಯೊಂದು ಸೇರಿಗೆ ಬಂದು ಬೈಗುಳ ತಿನ್ನಿಸುತ್ತಿತ್ತು. ಹಿತ್ತಾಳೆಯವಕ್ಕೆ ಈ ರಗಳೆ ಇರಲಿಲ್ಲ. ಹುಡುಗರಾದ ನಮಗೆ ಅವುಗಳ ಬಾಯಿಗೆ ತುಟಿ ಹಚ್ಚಿ ಊದಿ ಶಿಳ್ಳೆ ಹಾಕುವ ಆಟ. ಆಡಿ ಬೇಸರವಾಗಿ ಅಂಗಳದಾಚೆ ಒಗೆಯಹೊರಟರೆ ಒಳಗಿನಿಂದ ಕೂಗು: “ತಮಾ, ಅದ್ನ ಬಿಸಾಕಡ, ಹಿತ್ತಾಳೆ ಅದು!”

ಹಿತ್ತಾಳೆ ಎಂದರೆ ನಮ್ಮಲ್ಲಿ ಹಂಡೆ, ಕೊಡ, ದೀಪ. ಹುಣಸೆಹಣ್ಣು ಹಚ್ಚಿ ತಿಕ್ಕುವ ವಸ್ತು. ತೋಟೆಯ ಹಿತ್ತಾಳೆಯೂ ಅದೇ ಕುಲದ್ದು, ಆದರೆ ಪಾಕ ಕಟ್ಟುನಿಟ್ಟು: ನೂರಕ್ಕೆ 70 ತಾಮ್ರ, 30 ಸತು. ಚಪ್ಪಟೆ ಬಿಲ್ಲೆಯೊಂದನ್ನು ಒತ್ತಿ ಬಟ್ಟಲು ಮಾಡಿ, ಬಟ್ಟಲನ್ನು ಮತ್ತೆ ಮತ್ತೆ ಎಳೆದು ಕೊಳವೆ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಹಿತ್ತಾಳೆ ಗಟ್ಟಿಯಾಗುತ್ತ, ಇನ್ನು ಎಳೆದರೆ ಹರಿಯುತ್ತೇನೆ ಎನ್ನುವ ಹಂತಕ್ಕೆ ಬರುತ್ತದೆ. ಆಗ ಕಾಯಿಸಿ ಮೆದು ಮಾಡಬೇಕು. ಹೋಳಿಗೆಯ ಕಣಕವನ್ನು ನಾದಿ, ನೆನೆಯಲು ಬಿಟ್ಟು, ಮತ್ತೆ ನಾದುವ ಹಾಗೆ. ಕಬ್ಬಿಣದವರ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡಸಾಗುತ್ತದೆ, ಕಾದ ಹಿತ್ತಾಳೆಯನ್ನು ಅದ್ದಿದರೂ ಮೆತ್ತಗೇ ಇರುತ್ತದೆ. ಕೊನೆಗೆ ಬುಡ ಗಡಸಾಗಿಯೂ ಬಾಯಿ ಮೆದುವಾಗಿಯೂ ಉಳಿಯಬೇಕು. ಈಡಾದಾಗ ಆ ಮೆದು ಗೋಡೆ ಉಬ್ಬಿ ನಳಿಗೆಯ ಗೂಡಿಗೆ ಒತ್ತಿ ಕೂತು, ಬಿಸಿ ಅನಿಲ ಹಿಂದೆ ಹೊಡೆಯುವವನ ಮುಖಕ್ಕೆ ನುಗ್ಗದಂತೆ ತಡೆದು, ಮರುಕ್ಷಣ ಕೊಂಚ ಕುಗ್ಗಿ ಹೊರಬರುತ್ತದೆ. ಪ್ರತಿ ಈಡಿಗೂ ಈ ಉಬ್ಬು-ಕುಗ್ಗು ನಡೆದು ಬಾಯಿ ಮತ್ತೆ ಗಡುಸಾಗುತ್ತದೆ, ಒಂದು ದಿನ ಕೂದಲೆಳೆಯ ಬಿರುಕು ಕಾಣುತ್ತದೆ. ಮರುಬಳಕೆ ಮಾಡುವವರು ನಡುನಡುವೆ ಬಾಯಿಯನ್ನಷ್ಟೇ ಕಾಯಿಸಿ ಆಯುಷ್ಯ ಹೆಚ್ಚಿಸುವುದು ಇದಕ್ಕೇ.

ಈ ಲೋಹದ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಅಧ್ಯಾಯ ನಮ್ಮ ಮಳೆಯದೇ. ಬ್ರಿಟಿಷರ ಕಾಲದ ಭಾರತದಲ್ಲಿ ದಾಸ್ತಾನಿಟ್ಟ ತೋಟೆಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯದ ಹತ್ತಿರ ಇಟ್ಟವುಗಳಲ್ಲಿ ಈ ರೋಗ ಹೆಚ್ಚು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿಟ್ಟರು: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಎಳೆದು ಮಾಡುವಾಗ ಹಿತ್ತಾಳೆಯೊಳಗೆ ಉಳಿದ ಸೆಟೆತ. ಮೂರೂ ಸೇರಿದರೆ ಲೋಹ ಸೀಳುತ್ತದೆ. ಪರಿಹಾರವೂ ಸರಳ: ಮೆದುವಾಗದಷ್ಟು, ಆದರೆ ಸೆಟೆತ ಇಳಿಯುವಷ್ಟು ಹದವಾಗಿ ಕಾಯಿಸುವುದು. ಇದನ್ನು ಓದಿದ ಮೇಲೆ ನಮ್ಮ ಮನೆಯ ಕಪಾಟಿನ ಜಾಗ ನೆನಪಿಸಿಕೊಂಡೆ. ಗೋಡೆಯಾಚೆ ಕೊಟ್ಟಿಗೆ, ನಾಲ್ಕು ಎಮ್ಮೆ, ಆಷಾಢದ ಮಳೆ. ಅಜ್ಜನ ತೋಟೆಗಳು ಅಲ್ಲಿ ಇಷ್ಟು ವರ್ಷ ಬದುಕಿದ್ದೇ ಹೆಚ್ಚು.

ಹನ್ನೆರಡು ಬೋರಿನವರಿಗೆ ತೋಟೆ ಹೇಗೋ ಸಿಗುತ್ತದೆ. ಬವಣೆಯೆಲ್ಲ ದೊಡ್ಡ ರೈಫಲ್ಲಿನವರದು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಓದಿ ಬೆಳೆದ ನಮ್ಮಂಥವರಿಗೆ ಅವನ .405 ವಿಂಚೆಸ್ಟರ್ ಪರಿಚಿತ. 1904ರಲ್ಲಿ ಬಂದ ತೋಟೆ ಅದು. ಆ ರೈಫಲ್ಲು ಮಾಡುವುದು ನಿಂತ ಮೇಲೆ ತೋಟೆಯೂ ನಿಂತಿತು, ರೈಫಲ್ಲು ಮಾತ್ರ ಜನರ ಮನೆಯಲ್ಲಿ ಉಳಿಯಿತು. ಆನೆ, ಕಾಟಿಗೆಂದು ಬರ್ಮಿಂಗ್‌ಹ್ಯಾಮಿನ ಕೈನಾಕ್ ಮಾಡುತ್ತಿದ್ದ ಭಾರೀ ತೋಟೆಗಳದೂ ಅದೇ ಗತಿ. 1970ರ ಸುಮಾರಿಗೆ ಅವೂ ನಿಂತುವು. ಸರಕಾರವೂ ಕೆಲವೊಮ್ಮೆ ಕೈಯಾಡಿಸಿದೆ. 1907ರಲ್ಲಿ ಬ್ರಿಟಿಷರು .450 ಅಳತೆಯ ರೈಫಲ್ಲನ್ನೇ ಭಾರತಕ್ಕೆ ತರಬಾರದೆಂದರು. ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ಕೋವಿಯದೂ ಅದೇ ಅಳತೆ, ದಂಗೆ ಏಳುವವರಿಗೆ ಗುಂಡು ಸಿಕ್ಕೀತು ಎಂಬ ಭಯ. ಲಂಡನ್ನಿನ ಕೋವಿ ಮಾಡುವವರು ಸುಮ್ಮನಿರಲಿಲ್ಲ; .465, .470, .475 ಎಂದು ಒಂದೆರಡು ಕೂದಲು ಅಗಲ ಮಾಡಿ ಹೊಸ ತೋಟೆಗಳನ್ನು ಮಾರಿದರು. ಆನೆಗೆ ವ್ಯತ್ಯಾಸ ಗೊತ್ತಾಗಿರಲಾರದು.

ಅಂಗಡಿಯಲ್ಲಿ ಸಿಗದ್ದನ್ನು ಸಿಗುವುದರಿಂದ ಮಾಡಿಕೊಳ್ಳುವ ಜಾಣತನ ಶುರುವಾಗುವುದು ಇಲ್ಲಿಂದ. ಲೇಥಿನಲ್ಲಿ ಹಿತ್ತಾಳೆ ಸರಳನ್ನು ಕೊರೆದು ತೋಟೆ ಮಾಡುವವರಿದ್ದಾರೆ. ಚಂದ ಬರುತ್ತದೆ, ಅರ್ಧ ಲೋಹ ಪುಡಿಯಾಗಿ ಹೋಗುತ್ತದೆ, ಬೆಲೆಯೂ ಏರುತ್ತದೆ. ಅಗ್ಗದ ದಾರಿ ಬೇರೆ. ಮಾರ್ಟಿನಿ-ಹೆನ್ರಿಯನ್ನೇ ನೋಡಿ: ಅದರ ಹಳೇ ತೋಟೆ ಸುತ್ತಿದ ತೆಳು ಹಿತ್ತಾಳೆ ಹಾಳೆಯದು. 1885ರಲ್ಲಿ ಸುಡಾನಿನ ಅಬು ಕ್ಲೀ ಕಾಳಗದಲ್ಲಿ ಅದು ನಳಿಗೆಯಲ್ಲಿ ಸಿಕ್ಕಿಕೊಂಡು ಸೈನಿಕರನ್ನು ಸತಾಯಿಸಿತು, ಆಮೇಲೆ ಇಡಿಯಾಗಿ ಎಳೆದ ತೋಟೆ ಬಂತು. ಇಂದು ಆ ಕೋವಿ ಉಳಿಸಿಕೊಂಡ ವಿದೇಶಿ ಹವ್ಯಾಸಿಗಳು ಬ್ರೆಜಿಲಿನಲ್ಲಿ ತಯಾರಾಗುವ 24 ಬೋರಿನ ಚರೆ ಕೋವಿಯ ಹಿತ್ತಾಳೆ ತೋಟೆಯನ್ನು ಕೊಂಡು, ಅಚ್ಚುಗಳಲ್ಲಿ ಒತ್ತಿ, ಬಾಯಿ ಕಿರಿದಾಗಿಸಿ ಮಾರ್ಟಿನಿಯ ತೋಟೆ ಮಾಡಿಕೊಳ್ಳುತ್ತಾರೆ. ಹಕ್ಕಿ ಹೊಡೆಯಲು ಹುಟ್ಟಿದ್ದು ಸಾಮ್ರಾಜ್ಯದ ಕೋವಿಗೆ ಮೈಯಾಗುತ್ತದೆ.

ಇದು ಬಡ ಹವ್ಯಾಸಿಗಳ ಉಪಾಯ ಮಾತ್ರವಲ್ಲ, ಸಾಮ್ರಾಜ್ಯವೂ ಇದನ್ನೇ ಮಾಡಿತ್ತು. ಭಾರತದ ಪೊಲೀಸರಿಗೂ ಜೈಲು ಕಾವಲಿಗೂ ಬೇಕಾಗಿದ್ದದ್ದು ಕಡಿಮೆ ದೂರದ ಕೋವಿ. ಇಶಾಪುರದ ಕಾರ್ಖಾನೆಯಲ್ಲಿ ಸೈನ್ಯದ .303 ರೈಫಲ್ಲನ್ನು .410 ಮಸ್ಕೆಟ್ಟಾಗಿ ಬದಲಿಸಿದರು. ಅದರ ತೋಟೆ ಮಾಡಲು ಹೊಸ ಯಂತ್ರ ತರಲಿಲ್ಲ. .303 ತೋಟೆ ತಯಾರಾಗುವಾಗ ಕೊನೆಗೆ ಕತ್ತು ಕಿರಿದು ಮಾಡುವ ಹಂತವನ್ನೇ ಬಿಟ್ಟರು, ನೇರ ಮೈಯ ತೋಟೆ ತಯಾರು. ಜಿಪುಣತನವೂ ಇಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅದನ್ನು ಮೆಚ್ಚದೆ ಇರಲಾಗದು.

ನಮ್ಮ ಕಾನೂನಿನಲ್ಲಿ ಲೈಸೆನ್ಸಿಲ್ಲದೆ ತೋಟೆ ತಯಾರಿಸುವಂತಿಲ್ಲ. ಅದಿಲ್ಲದೆ ನಾನೇನೂ ಸೊರಗಿಲ್ಲ. ಅಘನಾಶಿನಿಯ ಮೇಲ್ದಂಡೆಯ ಕಾಡು 2011ರಲ್ಲಿ ಸಿಂಗಳೀಕಗಳ ಸಂರಕ್ಷಣಾ ಮೀಸಲಾಯಿತು. ಅಲ್ಲಿ ಕೋವಿಯ ಸದ್ದು ಕೇಳದಿದ್ದರೇ ಚೆನ್ನ. ಇಷ್ಟಕ್ಕೂ ನಮ್ಮ ತೋಟಗಳು ಬೇಡುವ ತಾಮ್ರ ಕೋವಿಯ ದಾರಿಯಲ್ಲಲ್ಲ, ಕೊಳೆ ರೋಗದ ಮೈಲುತುತ್ತದ ದಾರಿಯಲ್ಲಿ ಬರುತ್ತದೆ.

ದೊಡ್ಡಪ್ಪ ತೀರಿದ ಮೇಲೆ ಲೈಸೆನ್ಸನ್ನು ಯಾರೂ ಮುಂದುವರಿಸಲಿಲ್ಲ, ಕೋವಿ ಸರಕಾರಕ್ಕೆ ಒಪ್ಪಿಹೋಯಿತು. ತೋಟೆಗಳ ಪೈಕಿ ಒಂದು ಮೊದಲೇ ಅವನ ಬೆತ್ತದ ಬುಡಕ್ಕೆ ಕೂತು ಕಲ್ಲಿನ ಮೇಲೆ ಟಣ್ ಎನ್ನುತ್ತಿತ್ತು. ಉಳಿದವನ್ನು ದೊಡ್ಡಮ್ಮ ತೂತಾದ ಹಂಡೆಯ ಜತೆ ಕುಮಟಾ ಪೇಟೆಗೆ ಒಯ್ದಳು. ಪಾತ್ರೆ ಅಂಗಡಿಯವನು ಹಂಡೆಯನ್ನು ತಕ್ಕಡಿಗೆ ಹಾಕಿದ. ತೋಟೆಗಳನ್ನು ಒಂದೊಂದಾಗಿ ಹೆಕ್ಕಿ ಪಕ್ಕಕ್ಕಿಟ್ಟ. “ಇದು ಬೇಡ್ರಾ ಅಮ್ಮ. ನಾಳೆ ಪೊಲೀಸರು ಬಂದು ಕೇಳಿದ್ರೆ ನಾ ಎಂಥಾ ಹೇಳೂದು?” ದೊಡ್ಡಮ್ಮ ಅವನ್ನು ಸೆರಗಿಗೆ ಕಟ್ಟಿಕೊಂಡು, ಹಿತ್ತಾಳೆ ಯಾವುದು ಎಂದು ಗೊತ್ತಿಲ್ಲದವ ಅಂಗಡಿ ಯಾಕೆ ಹಾಕಬೇಕಿತ್ತೋ ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳುತ್ತ ಬಂದಳು.