ಹುತ್ತದ್ದೋ, ಹುಲ್ಲಿನದೋ?

ಈಸೂರು ಎಂದರೆ ಪಠ್ಯಪುಸ್ತಕ ಓದಿದವರಿಗೆಲ್ಲ 1942 ನೆನಪಾಗುತ್ತದೆ. ಆ ಸೀಮೆಯ ಹುಡುಗರಿಗೆ ಮಾತ್ರ ಮುಂಗಾರಿನ ಬೆಳಿಗ್ಗೆ ನೆನಪಾಗುವುದು ಚರಿತ್ರೆಯಲ್ಲ, ಹುತ್ತ. ನಾಲ್ಕು ದಿನ ಮಳೆ ಹಿಡಿದು, ರಾತ್ರಿ ಒಂದಿಷ್ಟು ಗುಡುಗಿ, ಬೆಳಿಗ್ಗೆ ಎಳೆಬಿಸಿಲು ಬಿತ್ತೆಂದರೆ ಶಾಲೆಯ ಗಂಟೆಗೆ ಮೊದಲೇ ಅವರು ಕಾಡಂಚಿಗೆ ಮಾಯ. ಬರುವಾಗ ಮುತ್ತುಗದ ಎಲೆಯಲ್ಲೋ ಅಂಗಿಯ ಚುಂಗಿನಲ್ಲೋ ಅಣಬೆ. ಎಲ್ಲಿ ಸಿಕ್ಕಿತೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಪರೀಕ್ಷೆಯ ಉತ್ತರವನ್ನಾದರೂ ಪಕ್ಕದವನಿಗೆ ತೋರಿಸಿಯಾರು, ಹುತ್ತವನ್ನಲ್ಲ.

ಅಂಥ ಹುಡುಗನೊಬ್ಬ ಒಂದು ದಿನ ಎರಡು ಬಗೆಯವನ್ನು ತಂದ. ಅಜ್ಜಿ ಜಗಲಿಯ ಮೇಲೆ ಹರಡಿಕೊಂಡು ಒಂದೊಂದನ್ನೇ ಬೋರಲು ಹಾಕಿ ನೋಡಿದಳು. ನೆತ್ತಿಯಲ್ಲಿ ಮೊನೆಯಿದ್ದು, ಬುಡದಲ್ಲಿ ಹುತ್ತದ ಮಣ್ಣಂಟಿದ ಉದ್ದನೆಯ ಬೇರಿದ್ದವು ಮೊರಕ್ಕೆ ಹೋದವು. ಗೋಮಾಳದ ಹುಲ್ಲಿನಲ್ಲಿ ಸಿಕ್ಕಿದ್ದ, ಬಿಳಿಯ ಮೇಲೆ ಕಂದು ಚಕ್ಕೆಗಳಿದ್ದ, ಕಾಂಡಕ್ಕೆ ಬಳೆ ತೊಟ್ಟ ನಾಲ್ಕು ಅಗಲದ ಕೊಡೆಗಳು ತಿಪ್ಪೆಗೆ. ಹುಡುಗ ಅತ್ತ. ಅವೇ ದೊಡ್ಡವು, ಅವೇ ಬೆಳ್ಳಗಿದ್ದವು! ಅಜ್ಜಿ ಕಾರಣ ಹೇಳಲಿಲ್ಲ. "ಹುತ್ತದ್ದಲ್ಲ" ಅಂದಳು, ಅಷ್ಟೇ.

ಹುತ್ತದ ಅಣಬೆ ತಾನಾಗಿ ಹುಟ್ಟಿದ್ದಲ್ಲ, ಗೆದ್ದಲು ಬೆಳೆದದ್ದು. ಕೆಲವು ಜಾತಿಯ ಗೆದ್ದಲುಗಳಿಗೆ ಕಟ್ಟಿಗೆ ಪೂರ್ತಿ ಜೀರ್ಣವಾಗದು. ಅರೆ ಜೀರ್ಣವಾದ ಹಿಕ್ಕೆಯನ್ನು ಅವು ಹುತ್ತದೊಳಗೆ ರೊಟ್ಟಿನಂತೆ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಶಿಲೀಂಧ್ರ ಕೊಳೆಯಿಸಿ ಮೆದುವಾಗಿಸಿದ್ದನ್ನು ಮತ್ತೆ ತಿನ್ನುತ್ತವೆ. ಮನುಷ್ಯ ನೇಗಿಲು ಹಿಡಿಯುವುದಕ್ಕೆ ಕೋಟ್ಯಂತರ ವರ್ಷ ಮೊದಲಿನ ಬೇಸಾಯ ಇದು. ಮಳೆಗಾಲದಲ್ಲಿ ಅದೇ ಶಿಲೀಂಧ್ರ ಆಳದಿಂದ ಉದ್ದ ಬೇರೆಳೆದು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ನೆತ್ತಿಯ ಮೊನೆ ಇರುವುದು ಮಣ್ಣು ಸೀಳಲಿಕ್ಕೆ. ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟದ್ದೂ 1942ರಲ್ಲೇ. ಈಸೂರಿನ ಮಕ್ಕಳಿಗೆ ನೆನಪಿಡಲು ಅನುಕೂಲ. ಗೆದ್ದಲಿಲ್ಲದೆ ಇದು ಬೆಳೆಯದು. ಹಾಗಾಗಿ ಗುಂಡಿ ಅಣಬೆಯಂತೆ ಪೊಟ್ಟಣದಲ್ಲಿ ಅಂಗಡಿಗೆ ಬರುವುದಿಲ್ಲ. ಮೆಕ್ಕೆಜೋಳಕ್ಕೆಂದು ಹುತ್ತ ಅಗೆದು ನೆಲ ಸಮ ಮಾಡಿದ ಕಡೆ ಮುಂದಿನ ವರ್ಷ ಅಣಬೆಯೂ ಇಲ್ಲ.

ಗುಡುಗಿಗೂ ಅಣಬೆಗೂ ನಂಟಿದೆಯೆಂಬ ಮಾತನ್ನು ಪೂರ್ತಿ ನಗೆಯಾಡುವಂತಿಲ್ಲ. ಜಪಾನಿನ ಇವಾಟೆ ವಿಶ್ವವಿದ್ಯಾಲಯದಲ್ಲಿ ಕೃತಕ ಮಿಂಚಿನ ಆಘಾತ ಕೊಟ್ಟಾಗ ಕೆಲವು ಜಾತಿಯ ಅಣಬೆಗಳ ಇಳುವರಿ ಹೆಚ್ಚಿತು.

ಆ ಮಧ್ಯಾಹ್ನ ಅಣಬೆ ಸಾರಾಯಿತು. ಕಾಯಿ, ಕೊತ್ತಂಬರಿ, ಮೆಣಸು ಅರೆದು ಹಾಕಿದ ಸಾರು. ಜೊತೆಗೆ ಅಕ್ಕಿ ರೊಟ್ಟಿ. ಹುಡುಗ ಮೂರು ಸಲ ಬಡಿಸಿಕೊಂಡ. ತಂಗಿ ಮಾತ್ರ "ಲೊಳಲೊಳ" ಎಂದು ಹೋಳುಗಳನ್ನೆಲ್ಲ ತಟ್ಟೆಯಂಚಿಗೆ ತಳ್ಳಿದಳು. ಬೈಯುವಂಥದ್ದೇನಲ್ಲ. ಅಣಬೆಯ ಹತ್ತರಲ್ಲಿ ಒಂಬತ್ತು ಪಾಲು ನೀರು. ಉಳಿದುದರಲ್ಲಿ ಸೀಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಕೂಡ ಇದೆ. ಕೆಲವರ ನಾಲಿಗೆಗೂ ಹೊಟ್ಟೆಗೂ ಅದು ಒಗ್ಗದು. ಇನ್ನು ಕೆಲವು ಮನೆಗಳ ಹೊಸ್ತಿಲನ್ನು ಅಣಬೆ ದಾಟುವುದೇ ಇಲ್ಲ. ಮನುಸ್ಮೃತಿ ಬೆಳ್ಳುಳ್ಳಿ ಈರುಳ್ಳಿಯ ಜೊತೆಗೆ ಅಣಬೆಯನ್ನೂ ನಿಷೇಧದ ಪಟ್ಟಿಗೆ ಸೇರಿಸಿದೆ. ಈರುಳ್ಳಿಯನ್ನು ಒಳಗೆ ಬಿಟ್ಟುಕೊಂಡ ಎಷ್ಟೋ ಅಡುಗೆಮನೆಗಳು ಅಣಬೆಯನ್ನು ಇನ್ನೂ ಹೊರಗೇ ನಿಲ್ಲಿಸಿರುವುದು ಮಾತ್ರ ಸೋಜಿಗ.

ಗೋಮಾಳದ ಆ ಕೊಡೆಗಳು ಕ್ಲೋರೋಫಿಲ್ಲಮ್ ಜಾತಿಯವು ಇರಬೇಕು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಬಲಿತಾಗ ಅಡಿಯ ಪದರಗಳು ಹಸಿರುಗಟ್ಟುತ್ತವೆ. ಎಳೆಯದರಲ್ಲಿ ಅವು ಬಿಳಿ. ಮೋಸವಾಗುವುದು ಅಲ್ಲೇ. ಅಮಾನಿಟಾ ಕುಲದ ಕೆಲವು ಇನ್ನೂ ಭಯಂಕರ. ಆರು ಗಂಟೆಗೂ ಹೆಚ್ಚು ಕಾಲ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿಭೇದಿ, ನಡುವೆ ಗುಣವಾದಂತೆ ತೋರುವ ಒಂದು ದಿನ, ಅಷ್ಟರೊಳಗೆ ಯಕೃತ್ತು ಹಾಳು. ಕುದಿಸಿದರೂ ಆ ವಿಷ ಹೋಗದು. ಬೆಳ್ಳಿ ನಾಣ್ಯ, ಬೆಳ್ಳುಳ್ಳಿ, ಅಕ್ಕಿಕಾಳು ಹಾಕಿ ಬಣ್ಣ ನೋಡುವುದು ಶುದ್ಧ ಸುಳ್ಳು. ಹುಳ ತಿಂದದ್ದನ್ನು ಮನುಷ್ಯ ತಿನ್ನಬಹುದೆಂಬುದೂ ಅಷ್ಟೆ. ಅಜ್ಜಿಯ ಗುರುತು ಅವಳು ಬಲ್ಲ ಆ ಒಂದು ಅಣಬೆಗೆ ಮಾತ್ರ. ಪುಸ್ತಕ ಓದಿ ಕಾಡಿಗೆ ಹೊರಡುವವರಿಗಲ್ಲ. ಮಕ್ಕಳು ಗುರುತಿಲ್ಲದ್ದನ್ನು ತಿಂದಿದ್ದರೆ, ವಾಂತಿ ನಿಂತಿತಲ್ಲ ಎಂದು ಮನೆಯಲ್ಲಿ ಕೂರದೆ, ಉಳಿದ ಚೂರನ್ನು ಕಟ್ಟಿಕೊಂಡು ಆಸ್ಪತ್ರೆಗೆ ಓಡಬೇಕು.

ಮರುದಿನ ಬೆಳಿಗ್ಗೆ ಹುಡುಗ ಯಾರಿಗೂ ಹೇಳದೆ ತಿಪ್ಪೆಯ ಹತ್ತಿರ ಹೋದ. ಒಂದು ಕೊಡೆಯನ್ನು ಕಡ್ಡಿಯಿಂದ ಬೋರಲು ಹಾಕಿ ನೋಡಿದ. ಅಡಿ ಹಸಿರಾಗಿತ್ತು.