ಒಂದು ಡಬ್ಬ, ಎರಡು ಬಿಡಾರ

1998ರ ಸುಮಾರಿಗೆ ನಮಗೆ ಲಿನಕ್ಸ್ ಸಿಗುತ್ತಿದ್ದದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಯಲ್ಲಿ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಸೈಬರ್ ಕೆಫೆಯವರು ಗಂಟೆಗೆ 60 ರೂಪಾಯಿ ಕೇಳುತ್ತಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 38,000 ಕೊಟ್ಟು ಜೋಡಿಸಿ ತಂದ ಕಂಪ್ಯೂಟರು ನಡುಮನೆಯಲ್ಲಿ ಕೂತಿತ್ತು. 32 ಎಂ.ಬಿ. ರ‍್ಯಾಮ್, 4.3 ಜಿ.ಬಿ. ಹಾರ್ಡ್ ಡಿಸ್ಕು. ಅಮ್ಮ ಅದಕ್ಕೆ ಅಪ್ಪನ ಹಳೆಯ ಪಂಚೆ ಹೊದಿಸಿದ್ದಳು. ಅದನ್ನು ತೆಗೆದು ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತಿಗೆ ಕಾದ ಧೂಳು, ಹೊಸ ಪ್ಲಾಸ್ಟಿಕ್ಕು ಎರಡರ ವಾಸನೆಯೂ ಒಟ್ಟಿಗೆ ಹರಡುತ್ತಿತ್ತು.

ಹೊಟ್ಟೆಪಾಡಿನ ಪೇಜ್‌ಮೇಕರ್ ಕೆಲಸವೆಲ್ಲ ವಿಂಡೋಸಿನಲ್ಲಿ, ಮನಸ್ಸು ಲಿನಕ್ಸಿನಲ್ಲಿ. ಡಿಸ್ಕನ್ನು ಎರಡು ಪಾಲು ಮಾಡಿ, ಯಾವುದನ್ನು ಎಬ್ಬಿಸಬೇಕೆಂದು ಕೇಳಲು ಲಿಲೊ ಎಂಬ ಪುಟ್ಟ ಪ್ರೋಗ್ರಾಮನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ. ಕೆಲವು ದಿನ ಅದು ತನ್ನ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ಬರೆದು ಅಲ್ಲೇ ನಿಂತುಬಿಡುತ್ತಿತ್ತು. ಆಗ ಬೂಟ್ ಫ್ಲಾಪಿಯೇ ಗತಿ. 20 ರೂಪಾಯಿಯ ಆ ಫ್ಲಾಪಿಯನ್ನು ಅಜ್ಜಿಯ ತಗಡಿನ ಸಂದೂಕದಲ್ಲಿ ಪತ್ರಗಳ ಜೊತೆ ಜೋಪಾನವಾಗಿ ಇಟ್ಟಿದ್ದೆ.

ಗಡಿಯಾರದ ತಕರಾರು ಇನ್ನೊಂದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತಿತ್ತು, ವಿಂಡೋಸ್ ಅದನ್ನೇ ನಮ್ಮೂರ ಸಮಯವೆಂದು ಓದಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಬೆಳಗಿನ ಹತ್ತಾದರೆ ಪರದೆಯ ಮೇಲೆ ನಾಲ್ಕೂವರೆ. "ನಿನ್ನ ಡಬ್ಬದ ರಾಹುಕಾಲವೇ ಬೇರೆ ಕಣೋ" ಅಂದಿದ್ದಳು ಅಮ್ಮ.

ಒಂದನ್ನು ಆರಿಸದೆ ಇನ್ನೊಂದನ್ನು ಹಚ್ಚುವಂತಿರಲಿಲ್ಲ, ಅದೇ ದೊಡ್ಡ ಸಂಕಟ. 1999ರಲ್ಲಿ ವಿಎಂವೇರ್ ಬಂದಾಗ ಒಂದರ ಕಿಟಕಿಯೊಳಗೆ ಇನ್ನೊಂದು ಓಡುವುದನ್ನು ಕಂಡು ಬೆರಗಾಗಿದ್ದೆ. 2007ರಲ್ಲಿ ಅಂಥ ವರ್ಚುವಲ್ ಯಂತ್ರಗಳನ್ನು ಓಡಿಸುವ ಕೆವಿಎಂ ಲಿನಕ್ಸಿನ ಕರ್ನಲ್ಲಿಗೇ ಸೇರಿತು. ವಿಂಡೋಸಿನ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡಲು ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಮಗಳು ಆರ್ಕಿಟೆಕ್ಚರಿಗೆ ಸೇರಿ ತ್ರೀಡಿಎಸ್ ಮ್ಯಾಕ್ಸ್ ಕಲಿಯತೊಡಗಿದಾಗ ಮಾತ್ರ ಸಾಕಾಗಲಿಲ್ಲ. ಅದು ವಿಂಡೋಸಿಗಷ್ಟೇ ಬರೆದ ಸಾಫ್ಟ್‌ವೇರು. ವರ್ಚುವಲ್ ಯಂತ್ರದ ಹುಸಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅವಳು ಬರೆದ ತೊಟ್ಟಿಮನೆಯನ್ನು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ನಿಜವಾದ ಕಾರ್ಡನ್ನೇ ಒಳಗಿನ ವಿಂಡೋಸಿಗೆ ಬಿಟ್ಟುಕೊಡುವ ದಾರಿ 2012ರಲ್ಲಿ ತೆರೆದಿತ್ತು. ಅದರ ಹೆಸರು ವಿಎಫ್‌ಐಒ.

2015ರಲ್ಲಿ ಮತ್ತೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಇಂಟೆಲ್ 4770ಕೆ ತೆಗೆದುಕೊಳ್ಳಿ ಸಾರ್, ಅದು ಮೇಲಿನದು ಅಂದರು. ನನಗೆ ಬೇಕಿದ್ದದ್ದು ಕೆ ಇಲ್ಲದ 4770. ಯಂತ್ರದ ಭಾಗವೊಂದನ್ನು ನೇರವಾಗಿ ಒಳಗಿನ ಯಂತ್ರಕ್ಕೆ ವಹಿಸಿಕೊಡುವ ವಿಟಿ-ಡಿ ಸೌಲಭ್ಯ ಕಡಿಮೆ ಬೆಲೆಯದರಲ್ಲಿತ್ತು, ಹೆಚ್ಚಿನದರಲ್ಲಿ ಇರಲಿಲ್ಲ. 22,000 ಎಣಿಸಿ ಕೊಟ್ಟೆ. ಪರದೆಗೆ ಬೇಕಾದ ಗ್ರಾಫಿಕ್ಸ್ ಅದರೊಳಗೇ ಇತ್ತು, ಅದು ಲಿನಕ್ಸಿಗೆ. ಬೇರೆ ಕೊಂಡ ದೊಡ್ಡ ಕಾರ್ಡು ವಿಂಡೋಸಿಗೆ.

ನಿಮಗೆ ವಠಾರ ಗೊತ್ತಿರಲಿಕ್ಕಿಲ್ಲ. ಒಂದೇ ನಲ್ಲಿ, ಒಂದೇ ಬಚ್ಚಲು, ಸಾಲಾಗಿ ಏಳೆಂಟು ಸಂಸಾರ. ಭಾಗಗಳನ್ನು ಒಳಗಿನ ಯಂತ್ರಕ್ಕೆ ವಹಿಸಿಕೊಡುವಾಗ ಲೆಕ್ಕಕ್ಕೆ ಬರುವ ಮದರ್‌ಬೋರ್ಡಿನ ಐಒಎಂಎಂಯು ಗುಂಪುಗಳೂ ಹಾಗೇ ಇದ್ದವು. ಒಂದು ಗುಂಪಿನಲ್ಲಿದ್ದವರು ಬಿಡಾರ ಬದಲಿಸಿದರೆ ಎಲ್ಲರೂ ಒಟ್ಟಿಗೆ ಬದಲಿಸಬೇಕು. ಕಾರ್ಡಿನ ಚಿತ್ರದ ಭಾಗ ಹೋದರೆ ಎಚ್‌ಡಿಎಂಐ ಧ್ವನಿಯ ಭಾಗವೂ ಹಿಂದೆಯೇ ಹೋಗಬೇಕಿತ್ತು. ಲಿನಕ್ಸಿನ ಮಾಮೂಲಿ ಡ್ರೈವರು ಕೈ ಹಾಕುವ ಮೊದಲೇ ಅವೆರಡರ ಸಂಖ್ಯೆಗಳನ್ನು ಬೂಟ್ ಸಾಲಿನಲ್ಲಿ ಬರೆದು ವಿಎಫ್‌ಐಒ ವಶಕ್ಕೆ ಒಪ್ಪಿಸಿದೆ. ನಮ್ಮ ಬೋರ್ಡಿನಲ್ಲಿ ಆ ಗುಂಪಿಗೆ ಬೇರೆ ನೆಂಟರು ಯಾರೂ ಅಂಟಿಕೊಂಡಿರಲಿಲ್ಲ, ಅದು ಪುಣ್ಯ.

ಇಷ್ಟಾದ ಮೇಲೂ ವಿಂಡೋಸ್ ಹಳದಿ ತ್ರಿಕೋನ ತೋರಿಸಿ ಕೋಡ್ 43 ಅಂದಿತು. ತಾನು ವರ್ಚುವಲ್ ಯಂತ್ರದೊಳಗೆ ಇದ್ದೇನೆಂದು ಗೊತ್ತಾದ ಕೂಡಲೇ ಆ ಕಾರ್ಡಿನ ಡ್ರೈವರು ಮುಷ್ಕರ ಹೂಡುತ್ತಿತ್ತು. ಕೆವಿಎಂ ಇರುವುದನ್ನೇ ಮರೆಮಾಚುವ ಒಂದು ಸಾಲನ್ನು ಸೇರಿಸಿದ ಮೇಲೆ ಪರದೆ ಬೆಳಗಿತು. ಮಗಳ ತೊಟ್ಟಿಮನೆ ಕಂಬ, ಜಂತಿ, ಸೂರು ಸಮೇತ ಬೆರಳಾಡಿಸಿದ ಕಡೆ ತಿರುಗಿತು. "ಅಪ್ಪಾ, ಇನ್ನು ಮುಟ್ಟಬೇಡಿ, ಹೀಗೇ ಇರಲಿ" ಅಂದಳು. ಪಕ್ಕದ ಪರದೆಯಲ್ಲಿ ಲಿನಕ್ಸ್ ತನ್ನ ಪಾಡಿಗೆ ಓಡುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುತ್ತ ಆ ರಾತ್ರಿ ಊಟಕ್ಕೂ ಏಳಲಿಲ್ಲ.

2021ರಲ್ಲಿ ಕಾರ್ಡಿನ ಕಂಪನಿಯೇ ತನ್ನ ಡ್ರೈವರಿನ ಆ ತಡೆಯನ್ನು ತೆಗೆದುಹಾಕಿತು. ಮಗಳು ಈಗ ಮೈಸೂರಿನಲ್ಲಿ ತನ್ನದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾಳೆ. ಹಳೆಯ ಪೇಜ್‌ಮೇಕರ್ ಕಡತಗಳನ್ನು ತೆರೆಯಲು ನಾನು ವರ್ಚುವಲ್ ವಿಂಡೋಸ್ ಒಂದನ್ನು ಉಳಿಸಿಕೊಂಡಿದ್ದೇನೆ, ಅದಕ್ಕೆ ಹುಸಿ ಕಾರ್ಡೇ ಸಾಕು. ಅಣ್ಣನ ಮೊಮ್ಮಗ ತನ್ನ ಆಟಗಳನ್ನು, ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಮೂಲಕ ನೇರ ಲಿನಕ್ಸಿನಲ್ಲೇ ಆಡುತ್ತಾನೆ. ಅದು 2018ರಿಂದ ಇದೆ. ಒಂದೆರಡು ಆಟಗಳ ಕಳ್ಳಾಟ ತಡೆಯುವ ಕಾವಲು ಮಾತ್ರ ಲಿನಕ್ಸನ್ನೂ ಒಪ್ಪದು, ವರ್ಚುವಲ್ ಯಂತ್ರವನ್ನೂ ಒಳಗೆ ಬಿಡದು. ಅದಕ್ಕಾಗಿ ಬೇರೊಂದು ಎಸ್‌ಎಸ್‌ಡಿ ಹಾಕಿಸಿ ವಿಂಡೋಸನ್ನು ಅದರಲ್ಲಿಟ್ಟಿದ್ದಾನೆ. ಇಪ್ಪತ್ತು ಸೆಕೆಂಡಿನೊಳಗೆ ಏಳುತ್ತದೆ, ಹಾಗಾಗಿ ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚುವುದು ಅವನಿಗೆ ಬೇಸರವೆನಿಸುವುದಿಲ್ಲ.