ಡೆಲೋಸ್‌ನಿಂದ ಬಂದ ಸಂಜೆ

ಮಿಕೊನೋಸ್, ಗ್ರೀಸ್

ಪ್ರೀತಿಯ ಅಪ್ಪಾ,

ಇವತ್ತು ಡೆಲೋಸ್ ದ್ವೀಪಕ್ಕೆ ಹೋಗಿ ಬಂದೆವು. ಮೈಯೆಲ್ಲ ಬಿಸಿಲು, ಉಪ್ಪುಗಾಳಿ. ಆದರೂ ಮಲಗುವ ಮುಂಚೆ ನಿಮಗೆ ಬರೆಯಲೇಬೇಕು. ನಾನು ಅಲ್ಲಿ ಗುಡಿಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಮಳೆನೀರಿನ ತೊಟ್ಟಿಗಳನ್ನು!

ಮಿಕೊನೋಸ್‌ನ ಹಳೇ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆ. ಬೇಸಿಗೆಯಲ್ಲಿ ಬೀಸುವ ಮೆಲ್ಟೆಮಿ ಗಾಳಿ ಜೋರಾದರೆ ದೋಣಿ ಬಿಡುವುದೇ ಇಲ್ಲ; ಇವತ್ತು ಬಿಟ್ಟರು. ದ್ವೀಪದ ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂಕಾಲು. ನೆರಳಿಗೆ ಮರವಿಲ್ಲವೆಂದೇ ಹೇಳಬೇಕು. ಕಾವಲುಗಾರರು ಮತ್ತು ಉತ್ಖನನದವರನ್ನು ಬಿಟ್ಟರೆ ರಾತ್ರಿ ಯಾರೂ ಉಳಿಯುವಂತಿಲ್ಲ.

ಅಪೋಲೊ ದೇವರು ಹುಟ್ಟಿದ್ದು ಇಲ್ಲೇ ಎಂದು ಗ್ರೀಕರ ನಂಬಿಕೆ. ಆ ಪುಣ್ಯನೆಲದ ಮಡಿಗಾಗಿ ಕ್ರಿ.ಪೂ. 426ರಲ್ಲಿ ಅಥೆನ್ಸ್‌ನವರು ಇಲ್ಲಿನ ಗೋರಿಗಳನ್ನೆಲ್ಲ ಅಗೆದು ಎದುರಿನ ರಿನಿಯಾ ದ್ವೀಪಕ್ಕೆ ಸಾಗಿಸಿದರು. ಮುಂದೆ ಡೆಲೋಸ್‌ನಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಕಟ್ಟಳೆ ಮಾಡಿದರು. ತುಂಬು ಬಸುರಿಯರನ್ನೂ ಸಾಯುವವರನ್ನೂ ದೋಣಿಯಲ್ಲಿ ಆಚೆ ದಡಕ್ಕೆ ಒಯ್ಯಬೇಕಿತ್ತು. ಹೆರಿಗೆ ಹತ್ತಿರವಾದ ಹೆಂಗಸನ್ನು ಈ ಗಾಳಿಯಲ್ಲಿ ದೋಣಿ ಹತ್ತಿಸುವುದನ್ನು ನೆನೆದರೇ ಸಂಕಟವಾಗುತ್ತದೆ.

ಕ್ರಿ.ಪೂ. 166ರಲ್ಲಿ ರೋಮನ್ನರು ಇದನ್ನು ಸುಂಕವಿಲ್ಲದ ಬಂದರು ಮಾಡಿದ ಮೇಲೆ ಇಟಲಿ, ಸಿರಿಯಾ, ಈಜಿಪ್ಟ್‌ನ ವ್ಯಾಪಾರಿಗಳು ಬಂದು ಮನೆ ಕಟ್ಟಿದರು. ಗುಡ್ಡದ ಇಳಿಜಾರಿನಲ್ಲಿ ಐಸಿಸ್ ದೇವಿಗೂ ಸಿರಿಯಾದ ದೇವರುಗಳಿಗೂ ಗುಡಿಗಳಿವೆ. ಅಷ್ಟು ಜನಕ್ಕೆ ನೀರು? ಅಲ್ಲೇ ಇರುವುದು ಜಾಣತನ. ಮನೆಯ ನಡುವೆ ಕಂಬಸಾಲಿನ ಅಂಗಳ, ಸುತ್ತ ಮಾಡು; ಮಾಡಿನ ಮೇಲೆ ಬಿದ್ದ ಮಳೆ ಅಂಗಳದಡಿಯ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಮೇಲೆಯೇ ಬಣ್ಣದ ಕಲ್ಲುಚೂರುಗಳ ಚಿತ್ತಾರದ ನೆಲ. ನಮ್ಮ ತೊಟ್ಟಿಮನೆ ನೋಡಿದವರಿಗೆ ಇದು ಹೊಸದೆನಿಸದು. ರಂಗಮಂದಿರದ ಕಲ್ಲು ಮೆಟ್ಟಿಲುಗಳಿಂದ ಹರಿದ ನೀರನ್ನೂ ಪೋಲು ಮಾಡಿಲ್ಲ. ಕೆಳಗೆ ದೊಡ್ಡ ತೊಟ್ಟಿಯೊಂದಿದೆ, ಅದಕ್ಕೆ ಅಡ್ಡಲಾಗಿ ಗ್ರಾನೈಟ್ ಕಮಾನುಗಳು ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಒಂದು ತೊಟ್ಟಿಯ ಅಮೃತಶಿಲೆಯ ಬಾಯಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೆರೆಗಳು ಬಿದ್ದಿವೆ. ಆ ಹಗ್ಗ ಎಳೆದವರು ಮನೆಯೊಡೆಯರಂತೂ ಅಲ್ಲ, ಅವರ ಗುಲಾಮರಿರಬೇಕು. ಇಲ್ಲಿ ಒಂದೇ ದಿನ ಹತ್ತು ಸಾವಿರ ಗುಲಾಮರನ್ನು ಇಳಿಸಿಕೊಂಡು ಮಾರಿ ಕಳಿಸಬಹುದಿತ್ತು ಎಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಹುಟ್ಟುಸಾವಿನ ಮೈಲಿಗೆಗೆ ಅಷ್ಟು ಹೆದರಿದ ನೆಲ ಮನುಷ್ಯರ ಮಾರಾಟವನ್ನು ಸಹಿಸಿಕೊಂಡಿತು. ಇದು ಇಡೀ ದಿನ ನನ್ನನ್ನು ಕಾಡಿತು. ಕ್ರಿ.ಪೂ. 88ರಲ್ಲಿ ರೋಮನ್ನರ ವೈರಿ ರಾಜ ಮಿಥ್ರಿಡೇಟಿಸನ ಸೇನೆ, 69ರಲ್ಲಿ ಕಡಲ್ಗಳ್ಳರು ಊರನ್ನು ಹಾಳುಗೆಡವಿದರು. ಮತ್ತೆ ಅದು ಚೇತರಿಸಿಕೊಳ್ಳಲಿಲ್ಲ.

112 ಮೀಟರ್ ಎತ್ತರದ ಕಿಂಥೋಸ್ ಗುಡ್ಡ ಹತ್ತಿದೆವು. ತಲೆ ಮೇಲಿನ ಟೋಪಿ ಕೈಯಲ್ಲೇ ಹಿಡಿಯಬೇಕಾದಷ್ಟು ಗಾಳಿ. ಸುತ್ತಲೂ ದ್ವೀಪಗಳು, ಕೆಳಗೆ ಪವಿತ್ರ ಸರೋವರದ ಒಣ ತಗ್ಗು. ಮಲೇರಿಯಾ ಭಯದಿಂದ 1925ರ ಸುಮಾರಿಗೆ ಅದರ ನೀರು ಬಸಿದರಂತೆ. ಈಗ ಒಂದು ತಾಳೆಮರವಿದೆ. ಪಕ್ಕದಲ್ಲಿ ನಾಕ್ಸೋಸ್ ದ್ವೀಪದವರು ಹರಕೆ ಕೊಟ್ಟ ಅಮೃತಶಿಲೆಯ ಸಿಂಹಗಳ ಸಾಲು. ಬಯಲಲ್ಲಿರುವುದು ಪ್ರತಿಗಳು.

ಆ ಅಮೃತಶಿಲೆ ಬಂದ ನಾಕ್ಸೋಸ್‌ಗೇ ನಾಳೆ ಹೊರಡುತ್ತೇವೆ. ಅಲ್ಲಿನ ಗಣಿಯಲ್ಲಿ ಅರ್ಧ ಕೆತ್ತಿ ಬಿಟ್ಟ ಹತ್ತು ಮೀಟರ್ ಉದ್ದದ ಮೂರ್ತಿ ಇನ್ನೂ ಮಲಗಿದೆ. ಫೋಟೋ ಕಳಿಸುತ್ತೇನೆ. ಅಮ್ಮನಿಗೆ ಹೇಳಿ, ಊಟ ಸರಿಯಾಗಿ ಸಿಗುತ್ತಿದೆ.

ನಿಮ್ಮ ಮಗಳು